ಹಿಂದಕ್ಕೆ ಗೆದ್ದವನು

ಕಂಡಕ್ಟರ್ ಕೆಲಸ ಮುಗಿಸಿ ಎರಡು ವರ್ಷವಾದರೂ ಮೂರು ಮಾತು ನನ್ನ ಬಾಯಿ ಬಿಟ್ಟು ಹೋಗಿಲ್ಲ. ಬಸ್ಸು ಹೊರಡಲು ‘ರೈಟ್’, ನಿಲ್ಲಲು ‘ಹೋಲ್ಡಾನ್’, ಹಿಂದಕ್ಕೆ ಬರಲು ‘ಬರ್ಲಿ ಬರ್ಲಿ’. ಮನೆಯಲ್ಲಿ ಹೆಂಡತಿ ತಟ್ಟೆಗೆ ಸಾರು ಬಡಿಸುವಾಗಲೂ ಸಾಕು ಅನ್ನುವುದರ ಬದಲು ಹೋಲ್ಡಾನ್ ಅಂದುಬಿಡುತ್ತೇನೆ. ಮೊದಮೊದಲು ನಗುತ್ತಿದ್ದಳು. ಈಗ ಆಕೆಗೂ ಸಾಕಾಗಿದೆ.

ಈ ಮೂರು ಮಾತುಗಳಲ್ಲಿ ಒಂದನ್ನು ಕೇಳಿದರೆ ಉರಿದು ಬೀಳುತ್ತಿದ್ದ, ಉಳಿದೆರಡನ್ನು ಎದುರು ಮಾತಿಲ್ಲದೆ ಪಾಲಿಸುತ್ತಿದ್ದ ಡ್ರೈವರೊಬ್ಬ ಕಳೆದ ತಿಂಗಳು ಮಾನ್ವಿಯಲ್ಲಿ ತೀರಿಕೊಂಡ. ಹದಿನೆಂಟು ವರ್ಷ ಅವನು ಓಡಿಸಿದ ಸರ್ಕಾರಿ ಬಸ್ಸಿನಲ್ಲಿ ನಾನು ಟಿಕೆಟು ಹರಿದಿದ್ದೇನೆ. ರಾಯಚೂರಿನಿಂದ ದೇವದುರ್ಗ, ಅಲ್ಲಿಂದ ಜಾಲಹಳ್ಳಿ. ಕೆಲವು ವಾರ ಮಾನ್ವಿ. ನನಗಿಂತ ಆರು ವರ್ಷ ದೊಡ್ಡವನು. ಅಣ್ಣ ಎಂದು ಕರೆದು ಏಕವಚನದಲ್ಲೇ ಮಾತಾಡುವ ಸಲಿಗೆ ಇತ್ತು. ಇಲ್ಲಿಯೂ ಅಣ್ಣ ಎಂದೇ ಬರೆಯುತ್ತೇನೆ. ಹೆಸರು ಬರೆಯುವುದಿಲ್ಲ. ಅದಕ್ಕೊಂದು ಕಾರಣವಿದೆ, ಅವನೇ ಕೊಟ್ಟ ಕಾರಣ. ಆ ಮಾತು ಬರುವಲ್ಲಿ ಹೇಳುತ್ತೇನೆ.

ಅಣ್ಣ ಚಾಂಪಿಯನ್ ಆಗಿದ್ದ. ನಮ್ಮ ಕಡೆ ರೇಸಿನ ಡ್ರೈವರ್ ಎಂದರೆ ತಲೆಗೆ ಹೆಲ್ಮೆಟ್ಟು ಹಾಕಿಕೊಂಡು ಕಾರಿನೊಳಗೆ ಮಲಗಿದಂತೆ ಕೂತವನಲ್ಲ. ಟ್ರ್ಯಾಕ್ಟರಿಗೆ ಖಾಲಿ ಟ್ರಾಲಿ ಸಿಕ್ಕಿಸಿ, ಕೊಯ್ಲಾದ ಹೊಲದಲ್ಲಿ ಸುಣ್ಣದ ಎರಡು ಗೆರೆ ಎಳೆದು, ಆ ಗೆರೆಗಳ ನಡುವೆ ರಿವರ್ಸ್ ಹೊಡೆಯಬೇಕು. ಒಂದು ನಿಮಿಷದೊಳಗೆ ಆ ತುದಿ ಮುಟ್ಟಬೇಕು. ಎಲ್ಲರಿಗಿಂತ ಬೇಗ ಮುಟ್ಟಿದವನು ಗೆದ್ದ. ಟ್ರಾಲಿಯ ಗಾಲಿ ಸುಣ್ಣ ಮುಟ್ಟಿದರೆ ಔಟ್. ಕೇಳಲು ಸುಲಭ. ಆದರೆ ಟ್ರಾಲಿ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಬಲಕ್ಕೆ ತಿರುಗಿಸಬೇಕು, ಬಲಕ್ಕೆ ಹೋಗಬೇಕಾದರೆ ಎಡಕ್ಕೆ. ಸ್ವಲ್ಪ ಹೆಚ್ಚುಕಡಿಮೆಯಾದರೂ ಟ್ರಾಲಿ ಮೊಣಕೈಯಂತೆ ಮಡಚಿಕೊಂಡು ಅಡ್ಡ ನಿಲ್ಲುತ್ತದೆ. ವರ್ಷಗಟ್ಟಲೆ ಟ್ರ್ಯಾಕ್ಟರ್ ಓಡಿಸಿದವರೂ ಮಂದಿಯ ಮುಂದೆ ಬೆವತು ಹೋಗುತ್ತಾರೆ.

ಅಣ್ಣನಿಗೆ ಇದನ್ನು ಯಾರೂ ಕಲಿಸಲಿಲ್ಲ. ಮಾನ್ವಿಯಲ್ಲಿ ಒಂದು ಅಕ್ಕಿ ಗಿರಣಿ. ಅದರ ಗೋದಾಮಿಗೆ ಹೋಗುವ ಓಣಿ ಎಷ್ಟು ಇಕ್ಕಟ್ಟು ಎಂದರೆ ಒಳಗೆ ಹೋದ ಗಾಡಿ ತಿರುಗಿಸಲು ಜಾಗವಿಲ್ಲ. ಭತ್ತದ ಚೀಲ ಹೇರಿಕೊಂಡು ಓಣಿಯ ಬಾಯಿಂದ ಗೋದಾಮಿನ ಬಾಗಿಲವರೆಗೂ ಹಿಂದಕ್ಕೇ ಹೋಗಬೇಕು. ಅವನ ಅಪ್ಪ ಅದೇ ಗಿರಣಿಯಲ್ಲಿ ಚೀಲ ಹೊತ್ತವನು. ಮಗನನ್ನು ಟ್ರ್ಯಾಕ್ಟರ್ ಮೇಲೆ ಕೂಡಿಸಿದಾಗ ಹೆಗಲು ಒಂದು ಉಳಿಯಿತು ಎಂದು ಸಮಾಧಾನಪಟ್ಟನಂತೆ. ಸುಗ್ಗಿಯಲ್ಲಿ ದಿನಕ್ಕೆ ಹತ್ತು ಹನ್ನೆರಡು ಸಲ, ಬಲ ಹೆಗಲ ಮೇಲಿಂದ ಕತ್ತು ಹೊರಳಿಸಿ ಹಿಂದೆ ನೋಡುತ್ತಾ, ಎರಡೂ ಕಡೆ ಗೋಡೆಗೆ ಗೇಣು ಬಿಟ್ಟು ಅಣ್ಣ ಗಾಡಿ ತಗೊಂಡು ಹೋಗುತ್ತಿದ್ದ. ಹೀಗೆ ಹನ್ನೊಂದು ವರ್ಷ. ಅಂಥವನಿಗೆ ಸುಣ್ಣದ ಗೆರೆಯ ಅಂಜಿಕೆ ಏನಿದ್ದೀತು?

ಮಾನ್ವಿ, ದೇವದುರ್ಗ ತಾಲ್ಲೂಕಿನಲ್ಲಿ ಎಲ್ಲಿ ಸ್ಪರ್ಧೆ ಇಟ್ಟರೂ ಗಿರಣಿಯ ಟ್ರ್ಯಾಕ್ಟರ್ ಹೋಗುತ್ತಿತ್ತು, ಗೆದ್ದು ಬರುತ್ತಿತ್ತು. ಟ್ರ್ಯಾಕ್ಟರ್ ಗೆಲ್ಲುತ್ತಿತ್ತು ಎಂದೇ ಹೇಳಬೇಕು. ಎತ್ತುಗಳ ಸ್ಪರ್ಧೆಯಲ್ಲಿ ಎತ್ತಿನ ಒಡೆಯನಿಗೆ ಬಹುಮಾನ ಕೊಡುವ ಹಾಗೆ ಇಲ್ಲಿಯೂ ಗಾಡಿಯ ಒಡೆಯನ ಹೆಸರಿನಲ್ಲೇ ನೋಂದಣಿ. ಮೈಕಿನಲ್ಲಿ “ಈಗ ಬರಾಕತ್ತದ ಮಾನ್ವಿ ಸಾವ್ಕಾರ್ರ ಗಾಡಿ!” ಎಂದು ಕೂಗುವರು. ಶೀಲ್ಡಿನ ಮೇಲೆ ಸಾಹುಕಾರರ ಹೆಸರು, ಫೋಟೋದಲ್ಲಿ ಸಾಹುಕಾರರು, ಹಿಂದೆ ಗಾಲಿಯ ಹತ್ತಿರ ಅಣ್ಣನ ಅರ್ಧ ಮುಖ. ಸಾಹುಕಾರರು ಕೆಟ್ಟವರೇನಲ್ಲ. ಗೆದ್ದಾಗಲೆಲ್ಲ ಅಂಗಿ ಹೊಲಿಸಿ ಕೊಡುತ್ತಿದ್ದರು. ಶೀಲ್ಡುಗಳು ಮಾತ್ರ ಗಿರಣಿಯ ಆಫೀಸಿನ ಗಾಜಿನ ಬೀರುವಿನಲ್ಲಿ ಸಾಲಾಗಿ ನಿಂತವು. ನಾನೊಮ್ಮೆ ಹೋಗಿ ನೋಡಿದ್ದೇನೆ. ಅಣ್ಣನ ಹೆಂಡತಿ, ನಾನು ಅಕ್ಕ ಅನ್ನುವವಳು, ಅದನ್ನೇ ಆಡಿಕೊಳ್ಳುತ್ತಿದ್ದಳು: “ನಿಮ್ಮಣ್ಣ ಇಷ್ಟು ಕಡಿ ಗೆದ್ದಾನ. ನಮ್ಮ ಮನ್ಯಾಗ ತೋರ್ಸಾಕ ಒಂದು ತಗಡಿಲ್ಲ.”

ಅಣ್ಣ ನಗುತ್ತಿದ್ದ. ಆ ನಗು ನನಗೆ ಪೂರ್ತಿ ಸರಿ ಕಾಣುತ್ತಿರಲಿಲ್ಲ.

ಬಸ್ಸಿನ ನೌಕರಿ ಸಿಕ್ಕಮೇಲೆ ಅವನು ಸ್ಪರ್ಧೆಗೆ ಹೋಗುವುದನ್ನು ಬಿಟ್ಟ. ಕೆಲ ವರ್ಷಗಳ ಮೇಲೆ ನಾನು ಅವನ ಬಸ್ಸಿಗೆ ಹೋದೆ. ಮೊದಲ ದಿನವೇ ಜಗಳ. ಬಸ್ ಸ್ಟ್ಯಾಂಡಿನಲ್ಲಿ ಪ್ಲಾಟ್‌ಫಾರ್ಮಿಗೆ ಮೂತಿ ಹಚ್ಚಿ ನಿಂತ ಬಸ್ಸು ಹೊರಡಬೇಕಾದರೆ ಮೊದಲು ಹಿಂದಕ್ಕೆ ಬರಬೇಕು. ಕಂಡಕ್ಟರ್ ಕೆಳಗಿಳಿದು ದಾರಿ ತೋರಿಸಬೇಕೆಂಬುದು ನಿಯಮ. ನಾನು ಇಳಿದು ಹಿಂದೆ ನಿಂತು ಬಸ್ಸಿನ ಬೆನ್ನು ತಟ್ಟುತ್ತಾ “ಬರ್ಲಿ, ಬರ್ಲಿ” ಅಂದೆ. ಬಸ್ಸು ಅಲುಗಲಿಲ್ಲ. ಮತ್ತೆ ಅಂದೆ. ಇಂಜಿನ್ನೇ ಬಂದ್ ಆಯಿತು. ಕಿಟಕಿಯಿಂದ ತಲೆ ಹೊರಬಂತು.

“ಯಾರಿಗಿ ಬರ್ಲಿ ಅಂತಿ?”

“ನಿನಗ ಯಣ್ಣಾ. ರೂಲ್ ಅದ.”

“ಹಿಂದಕ ಹೋಗೂದು ನನಗ ಕಲಸ್ತಿ? ಮ್ಯಾಲ ಬಂದು ಕುಂದ್ರು. ಇಲ್ಲಂದ್ರ ಜಾಲಹಳ್ಳಿ ಮಂದಿ ಇವತ್ತು ಇಲ್ಲೇ ಮಕ್ಕೊಂತಾರ.”

ಹತ್ತಿ ಕೂತೆ. ಎರಡು ಬಸ್ಸುಗಳ ನಡುವಿನ ಸಂದಿನಿಂದ ನಮ್ಮ ಬಸ್ಸು ಒಂದೇ ಉಸಿರಿನಲ್ಲಿ ಹೊರಬಂತು. ಆಮೇಲೆ ಅವನು ಕೈ ತೋರಿಸಿ, “ಹೂಂ, ಈಗ ನಿನ್ನ ಕೆಲಸ,” ಅಂದ. ಏನೆಂದು ತಿಳಿಯದೆ ಮುಖ ನೋಡಿದೆ. “ರೈಟ್ ಅನ್ನು. ನೀ ರೈಟ್ ಅನ್ನಲಾರದ ನಾ ಮುಂದಕ ಬಿಡಂಗಿಲ್ಲ.”

ಇದು ಅವನ ಕಟ್ಟುನಿಟ್ಟು. ಹಿಂದಕ್ಕೆ ಹೋಗಲು ಯಾರ ಮಾತೂ ಬೇಡ. ಆದರೆ ಹೋಲ್ಡಾನ್ ಅಂದರೆ ಎಲ್ಲಿದ್ದರಲ್ಲಿ ನಿಲ್ಲಬೇಕು. ನಿಂತಮೇಲೆ ಕಂಡಕ್ಟರ್ ರೈಟ್ ಅನ್ನದೆ ಗಾಲಿ ಉರುಳಬಾರದು. ಗಬ್ಬೂರಿನ ಹತ್ತಿರ ಒಮ್ಮೆ ಒಬ್ಬ ಮುದುಕನನ್ನು ಇಳಿಸಿ, ಚಿಲ್ಲರೆಗಾಗಿ ಇನ್ನೊಬ್ಬನೊಡನೆ ಗುದ್ದಾಡುತ್ತಾ ನಾನು ರೈಟ್ ಅನ್ನುವುದನ್ನೇ ಮರೆತೆ. ನಡುಹಗಲು, ಏಪ್ರಿಲ್ ಬಿಸಿಲು, ತಗಡು ಕಾದು ಮುಟ್ಟಲಾಗದು. ಬಸ್ಸು ನಿಂತೇ ಇತ್ತು. ಮಂದಿ ಬೈಯತೊಡಗಿದರು. ಅಣ್ಣ ಸ್ಟೇರಿಂಗ್ ಮೇಲೆ ಕೈಯಿಟ್ಟು ಶಾಂತವಾಗಿ ಕೂತಿದ್ದ. “ನನ್ನ ಬೈದ್ರ ಏನು ಬಂತು? ಅಂವಾ ಅಂದಿಲ್ಲ,” ಎಂದು ಹಿಂದಕ್ಕೆ ನನ್ನತ್ತ ಬೆರಳು ತೋರಿಸಿದ. ಸಿಟ್ಟು ಬಂದರೂ ನಗು ಬಂತು.

ಚಾಂಪಿಯನ್ನನ ಬಸ್ಸು ಎಂದು ಗೊತ್ತಿದ್ದವರು ಗಾಳಿಯಲ್ಲಿ ಹಾರಬಹುದೆಂದು ಹತ್ತಿ ಕೂಡುತ್ತಿದ್ದರು. ಪಾಪ. ಇಡೀ ಡಿಪೋದಲ್ಲಿ ಅವನಷ್ಟು ನಿಧಾನದ ಡ್ರೈವರ್ ಇರಲಿಲ್ಲ. ಯರಗೇರಾದಿಂದ ರಾಯಚೂರಿಗೆ ಬಂದು ನಮ್ಮ ಬಸ್ಸು ಹಿಡಿಯುತ್ತಿದ್ದ ಒಬ್ಬ ಮಾಸ್ತರರು ಪ್ರತಿದಿನ ಗಡಿಯಾರ ತೋರಿಸುವರು: “ಏನ್ರೀ, ನಡಕೋತ ಹೋಗಿದ್ರ ದೇವದುರ್ಗ ಮುಟ್ತಿದ್ದೆ.” ಅಣ್ಣನ ಉತ್ತರ ಒಂದೇ: “ಮುಂದಕ ಯಾರರೆ ಹೊಡೀತಾರ್ರೀ ಸರ. ಅದ್ರಾಗೇನದ?”

ಟ್ರಾಲಿಯ ವಿದ್ಯೆಯನ್ನು ಅವನು ಬದುಕಿಗೂ ಹಚ್ಚಿಕೊಂಡಿದ್ದ. “ಎಡಕ್ಕ ಹೋಗ್ಬೇಕಂದ್ರ ಬಲಕ್ಕ ತಿರುವಬೇಕೋ ತಮ್ಮಾ” ಅನ್ನುತ್ತಿದ್ದ. ರಜೆ ಬೇಕಾದರೆ ಮ್ಯಾನೇಜರರ ಮುಂದೆ ಹೋಗಿ, “ಸಾಹೇಬ್ರ, ಈ ವಾರ ಡಬಲ್ ಡ್ಯೂಟಿ ಹಾಕ್ರಿ,” ಎಂದು ಕೈಮುಗಿಯುವನು. ಇವನೇನೋ ಹೂಡಿದ್ದಾನೆ ಎಂದು ಅವರಿಗೆ ಗುಮಾನಿ. “ಡಬಲ್ ಗಿಬಲ್ ಇಲ್ಲ, ಎರಡು ದಿನ ಮನೀಗಿ ಹೋಗು,” ಅನ್ನುವರು. ಹೊರಗೆ ಬಂದು ನನಗೆ ಕಣ್ಣು ಮಿಟುಕಿಸುವನು. ನಾನೂ ಒಮ್ಮೆ ಹಾಗೇ ಮಾಡಲು ಹೋಗಿ ಮೂರು ದಿನ ಡಬಲ್ ಡ್ಯೂಟಿ ಮಾಡಿದೆ.

ಡ್ಯೂಟಿ ಮುಗಿದಮೇಲೆ ಬಸ್ಸಿನ ಸುತ್ತ ಒಂದು ಸುತ್ತು ಹಾಕಿ ಪ್ರತಿ ಗಾಲಿಯನ್ನೂ ಅಂಗೈಯಿಂದ ತಟ್ಟುವುದು ಅವನ ರೂಢಿ. ನೆಲದ ಮೇಲಿನ ಗಾಲಿಯ ಗುರುತನ್ನೂ ಬಗ್ಗಿ ನೋಡುವನು. ಎಲ್ಲಿ ವಾಲಿದೆ, ಎಲ್ಲಿ ಸವೆದಿದೆ ಎಂಬುದು ಮಣ್ಣಿನ ಮೇಲೆ ಕಾಣುತ್ತದಂತೆ. ನನಗೆ ಕಾಲು ಸೋತಿರುತ್ತಿತ್ತು, ಯಾವಾಗ ಮನೆ ಸೇರೇನೋ ಅನಿಸುತ್ತಿತ್ತು. ಅವನಿಗಾಗಿ ಕಾಯುತ್ತಾ ಕಟ್ಟೆಯ ಮೇಲೆ ಕೂತಿರುತ್ತಿದ್ದೆ.

ಅವನ ಕತ್ತು ಯಾವಾಗ ಹಿಡಿಯಿತೋ ಸರಿಯಾಗಿ ನೆನಪಿಲ್ಲ. ಒಂದೇ ದಿನ ಆದದ್ದಲ್ಲ. ಎಡಗಡೆ ಕೂತವರೊಡನೆ ಮಾತಾಡಬೇಕಾದರೆ ಕತ್ತು ತಿರುಗಿಸುವ ಬದಲು ಇಡೀ ಮೈಯನ್ನೇ ತಿರುಗಿಸತೊಡಗಿದ. ಒಗ್ಗರಣಿ-ಮಿರ್ಚಿ ತಿನ್ನಲು ಕೂತರೆ ನನ್ನನ್ನು ಬಲಗಡೆಗೇ ಕೂಡಿಸಿಕೊಳ್ಳುವನು. ಕೇಳಿದರೆ, “ಎಡಗಡಿ ಮಂದಿ ಸಾಲ ಕೇಳ್ತಾರ,” ಎಂದು ನಗೆಯಾಡುವನು. ಹನ್ನೊಂದು ವರ್ಷ ಬಲಕ್ಕೆ ಹೊರಳಿದ ಕತ್ತು, ಅದರ ಮೇಲೆ ಇಷ್ಟು ವರ್ಷದ ಬಸ್ಸಿನ ಕುಲುಕಾಟ. ಕುತ್ತಿಗೆಯ ಎಲುಬು ಸವೆದಿವೆ ಎಂದು ಡಾಕ್ಟರು ಹೇಳಿದ್ದನ್ನು ಅಕ್ಕ ನನಗೆ ಹೇಳಿದಳು. ಅವನು ಹೇಳಲಿಲ್ಲ.

ಅವನು ಹೇಳಿದ್ದು ಬೇರೆಯೇ ಒಂದು ದಿನ, ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ. ಬಸ್ಸು ಹಿಂದಕ್ಕೆ ತೆಗೆಯಬೇಕಿತ್ತು. ಗೇರು ಹಾಕಿದವನು ಹಾಗೇ ಕೂತ. ಮುಂದೆಯೇ ನೋಡುತ್ತಾ ಮೆಲ್ಲಗೆ ಅಂದ: “ತಮ್ಮಾ, ಇಳದು ಸ್ವಲ್ಪ ಬರ್ಲಿ ಅನ್ನು.”

ಇಳಿದೆ. ಹಿಂದೆ ಹೋಗಿ ನಿಂತೆ. ಬರ್ಲಿ ಅನ್ನಲು ನಾಚಿಕೆಯಾಯಿತು, ನಾನೇ ಏನೋ ತಪ್ಪು ಮಾಡಿದ ಹಾಗೆ. ಅಂದೆ. ಬಸ್ಸು ಹಿಂದಕ್ಕೆ ಬಂತು, ನಾನು ಅಂದ ಕಡೆಗೆ, ಎಲ್ಲರ ಬಸ್ಸಿನಂತೆ.

ಒಂದೂವರೆ ವರ್ಷ ಹಾಗೇ ನಡೆಯಿತು. ಎಡಗಡೆ ತಿರುವು ಬಂದಾಗ ನಾನು ಬಾಗಿಲಲ್ಲಿ ನಿಂತು “ಎಡಕ್ಕ ಖಾಲಿ” ಅನ್ನುವುದು, ಅವನು ತಿರುಗಿಸುವುದು. ಯಾರಿಗೂ ಗೊತ್ತಾಗಲಿಲ್ಲ. ಇದು ತಪ್ಪು ಎಂದು ನನಗೆ ಗೊತ್ತಿತ್ತು. ಐವತ್ತು ಅರವತ್ತು ಮಂದಿಯನ್ನು ಕೂಡಿಸಿಕೊಂಡು ಇಬ್ಬರು ಸೇರಿ ಒಂದು ಕತ್ತು ಮಾಡಿಕೊಂಡಿದ್ದೆವು. ದಿನಾ ಸಂಜೆ ಇವತ್ತಿಗೆ ಮುಗಿಯಿತಲ್ಲ ಅನಿಸುತ್ತಿತ್ತು. ಆ ಒಂದೂವರೆ ವರ್ಷದಲ್ಲಿ ನಾನು ದಣಿದಷ್ಟು ಹಿಂದಿನ ಹದಿನಾರು ವರ್ಷದಲ್ಲಿ ದಣಿದಿರಲಿಲ್ಲ.

ಮಾನ್ವಿಯಲ್ಲಿ ಅದು ನಿಂತಿತು. ಸೊಪ್ಪಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಎಡಗಡೆಯಿಂದ ದಾಟಿದಳು. ನಾನು ಟಿಕೆಟು ಹರಿಯುತ್ತಿದ್ದೆ, ನೋಡಿರಲಿಲ್ಲ. ನೋಡಿದಾಗ ಹೋಲ್ಡಾನ್ ಎಂದು ಚೀರಿದೆ. ಬಸ್ಸು ನಿಂತಿತು. ಬುಟ್ಟಿ ಬಿತ್ತು, ಅವಳಿಗೆ ಏನೂ ಆಗಲಿಲ್ಲ. ಅಣ್ಣ ಇಳಿದು ಹೋಗಿ ಮೆಂತ್ಯದ ಸಿವುಡುಗಳನ್ನು ಒಂದೊಂದಾಗಿ ಆರಿಸಿ ಬುಟ್ಟಿಗೆ ಹಾಕಿದ. ಮರುದಿನ ಬೆಳಿಗ್ಗೆ ಮ್ಯಾನೇಜರರ ಮುಂದೆ ನಿಂತು, “ನನಗ ಎಡಕ್ಕ ಕಾಣಂಗಿಲ್ರೀ ಸಾಹೇಬ್ರ. ಇಳಸ್ರಿ,” ಅಂದ. ಆ ಸಲ ಅವನು ಬಲಕ್ಕೆ ತಿರುಗಿಸಿ ಎಡಕ್ಕೆ ಹೋಗಲಿಲ್ಲ.

ನೌಕರಿ ಉಳಿಯಿತು. ಡಿಪೋದ ಒಳಗೆ ಹಗುರ ಕೆಲಸ ಕೊಟ್ಟರು. ಏನು ಕೆಲಸ? ಬಸ್ಸುಗಳನ್ನು ಸಾಲಾಗಿ ನಿಲ್ಲಿಸುವಾಗ ಹಿಂದೆ ನಿಂತು ಬರ್ಲಿ ಬರ್ಲಿ ಅನ್ನುವುದು. ನಿವೃತ್ತಿಯಾಗುವವರೆಗೆ ಅಣ್ಣ ಅದನ್ನೇ ಮಾಡಿದ. ಸಂಜೆ ನನ್ನ ಬಸ್ಸು ಒಳಗೆ ಬಂದಾಗ ಅವನ ದನಿ ಕೇಳಿಸುತ್ತಿತ್ತು. ನಾನು ಕಿಟಕಿಯ ಆಚೆ ನೋಡುತ್ತಿರಲಿಲ್ಲ. ಮೊದಲು ಅವನು ನಿವೃತ್ತನಾದ, ಆಮೇಲೆ ಮೊಣಕಾಲು ಹಿಡಿದು ನಾನೂ ಬೇಗ ಬಿಟ್ಟುಬಿಟ್ಟೆ.

ಹೋದ ವರ್ಷ ಸುಗ್ಗಿ ಮುಗಿದಮೇಲೆ ನನ್ನ ಮೊಬೈಲಿಗೆ ಒಂದು ಪೋಸ್ಟರ್ ಬಂತು. ಜಾಲಹಳ್ಳಿಯ ಹುಡುಗರ ಸಂಘದವರು ರಿವರ್ಸ್ ಸ್ಪರ್ಧೆ ಇಟ್ಟಿದ್ದರು. ಎಲ್ಲರಿಗೂ ಒಂದೇ ಟ್ರ್ಯಾಕ್ಟರ್, ಸಂಘದ್ದು. ನೋಂದಣಿ ಡ್ರೈವರನ ಹೆಸರಿನಲ್ಲಿ, ಶೀಲ್ಡಿನ ಮೇಲೆ ಡ್ರೈವರನದೇ ಹೆಸರು. ನಾನು ಸುಮ್ಮನಿರಬೇಕಿತ್ತು. ಮಾನ್ವಿಗೆ ಹೋಗಿ ತೋರಿಸಿದೆ. ಅಣ್ಣ ಮೊಬೈಲನ್ನು ಬಲಗಡೆ ಹಿಡಿದುಕೊಂಡು ಎರಡು ಸಲ ಓದಿದ.

“ಡ್ರೈವರ್ ಹೆಸ್ರ ಹಾಕ್ತಾರೇನು? ಖರೇನ?”

“ಖರೇ ಯಣ್ಣಾ. ಆದ್ರ ನಿನ್ನ ಕತ್ತು?”

“ಬಲಗಡಿ ಗೆರಿ ಕಂಡ್ರ ಸಾಕು, ಎಡಗಡಿದು ಕೈಗಿ ಗೊತ್ತಾಗ್ತದ. ಮಂದೀದ ಚಿಂತಿ. ಎಡಕ್ಕ ಯಾರರೆ ಬಂದ್ರ ನನಗ ಕಾಣಂಗಿಲ್ಲ. ನೀ ಆ ಕಡಿ ನಿಂದ್ರು. ಮಂದಿ ಮ್ಯಾಲ ಹೋಗೂಹಂಗ ಕಂಡ್ರ ಹೋಲ್ಡಾನ್ ಅನ್ನು.” ಮೊಬೈಲ್ ವಾಪಸ್ ಕೊಡುತ್ತಾ ಸೇರಿಸಿದ: “ಬರ್ಲಿ ಅಂತೂ ಅನಬ್ಯಾಡ.”

ಅಕ್ಕ ಒಳಗಿನಿಂದ ಕೇಳಿಸಿಕೊಂಡಿರಬೇಕು. ಹೊರಡುವ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ತಂದುಕೊಟ್ಟಳು. ಟಿವಿಯ ಮೇಲಿನ ಗೂಡಿನಲ್ಲಿದ್ದ ಡಬ್ಬಿಗಳನ್ನು ಆಗಲೇ ಬೇರೆ ಕಡೆ ಇಟ್ಟಿದ್ದಳು. ಒಂದು ಶೀಲ್ಡು ಹಿಡಿಸುವಷ್ಟು ಜಾಗ ಅಲ್ಲಿ ಖಾಲಿ ಇತ್ತು.

ಜಾಲಹಳ್ಳಿಯಲ್ಲಿ ಹೊಲದ ತುಂಬ ಮಂದಿ. ಅಣ್ಣನ ಸರದಿ ಕೊನೆಯದು. ಮೈಕಿನಲ್ಲಿ ಅವನ ಹೆಸರು ಕೂಗಿದರು. ಬರೀ ಅವನ ಹೆಸರು, ಹಿಂದೆ ಮುಂದೆ ಯಾವ ಸಾಹುಕಾರರೂ ಇಲ್ಲ. ನಾನು ಎಡಗಡೆ, ಗೆರೆಯ ಆ ತುದಿಯಲ್ಲಿ ಹಗ್ಗದ ಹತ್ತಿರ ನಿಂತಿದ್ದೆ. ಅವನು ಟ್ರ್ಯಾಕ್ಟರ್ ಹತ್ತಿ ಕತ್ತು ಬಲಕ್ಕೆ ಹೊರಳಿಸಿದ. ಶುರುವಾಯಿತು ನೋಡಿ. ಆ ವಯಸ್ಸಿನಲ್ಲಿ ಆ ಹಿಡಿತ! ಟ್ರಾಲಿ ದಾರ ಕಟ್ಟಿ ಎಳೆದ ಹಾಗೆ ನೆಟ್ಟಗೆ ಬರುತ್ತಿತ್ತು. ಮುಕ್ಕಾಲು ದಾರಿ ಬರುವಷ್ಟರಲ್ಲಿ ಎಲ್ಲರ ವೇಳೆಗಿಂತ ಮುಂದಿದ್ದ. ಮಂದಿ ಹುಚ್ಚೆದ್ದು “ಬರ್ಲಿ! ಬರ್ಲಿ!” ಎಂದು ಕೂಗತೊಡಗಿದರು. ಪ್ರೀತಿಯಿಂದಲೇ ಕೂಗಿದರು. ಹಗ್ಗದ ಬದಿ ಕೂತಿದ್ದ ನಾಲ್ಕಾರು ಹೆಂಗಸರು ನೋಡುವ ಆಸೆಗೆ ಹಗ್ಗ ದಾಟಿ ಮುಂದೆ ಸರಿದರು. ನಾನು ಓರೆಯಲ್ಲಿ ನಿಂತಿದ್ದೆ. ಟ್ರಾಲಿಯ ಗಾಲಿ ಅವರ ಕಡೆ ಹೊರಳಿದ ಹಾಗೆ ಕಂಡಿತು. ನನ್ನ ಕಣ್ಣಿಗೆ ಬಂದದ್ದು ಮಾನ್ವಿಯ ಆ ಸೊಪ್ಪಿನ ಬುಟ್ಟಿ.

“ಹೋಲ್ಡಾನ್!”

ಅಷ್ಟು ಗದ್ದಲದಲ್ಲಿ, ಇಂಜಿನ್ನಿನ ಸದ್ದಿನಲ್ಲಿ, ಅವನಿಗೆ ಅದೊಂದೇ ಕೇಳಿಸಿತು. ಟ್ರ್ಯಾಕ್ಟರ್ ನಿಂತಿತು.

ಧೂಳು ಇಳಿಯಿತು. ಗಾಲಿ ಸುಣ್ಣದ ಗೆರೆಗಿಂತ ನಾಲ್ಕು ಬೆರಳು ಒಳಗಿತ್ತು. ಹೆಂಗಸರು ಗೆರೆಯಿಂದ ಒಂದು ಮಾರು ಆಚೆ ಇದ್ದರು. ಯಾರಿಗೂ ಏನೂ ಆಗುತ್ತಿರಲಿಲ್ಲ. ಅವನ ಕೈ ಸರಿಯಾಗಿತ್ತು, ನನ್ನ ಕಣ್ಣು ತಪ್ಪಿತ್ತು.

ಅಣ್ಣ ಕ್ಲಚ್ಚು ಬ್ರೇಕು ತುಳಿದು ಕತ್ತು ಬಲಕ್ಕಿಟ್ಟುಕೊಂಡೇ ಕೂತಿದ್ದ. “ಯಾಕ ನಿಂತ್ರಿ ಯಜಮಾನ್ರ? ಟೈಮ್ ಓಡಾಕತ್ತದ!” ಎಂದು ಮೈಕು ಕಿರುಚಿತು. ಮಂದಿ ಬರ್ಲಿ ಬರ್ಲಿ ಅನ್ನುತ್ತಲೇ ಇದ್ದರು. ಅವನು ಅಲುಗಲಿಲ್ಲ. ಅವನು ಏನಕ್ಕೆ ಕಾಯುತ್ತಿದ್ದಾನೆ ಎಂಬುದು ಆ ಸಾವಿರ ಮಂದಿಯಲ್ಲಿ ನನಗೊಬ್ಬನಿಗೆ ಗೊತ್ತಿತ್ತು. ಒಂದು ಮಾತು ಅಂದಿದ್ದರೆ ಆಗಲೂ ಗೆಲ್ಲುತ್ತಿದ್ದ. ನನ್ನ ಬಾಯಿ ತೆರೆಯಲಿಲ್ಲ. ತಪ್ಪಿದೆನಲ್ಲ ಎಂಬ ದಿಗಿಲಿನಲ್ಲಿ ನಾಲಿಗೆ ಅಂಗುಳಕ್ಕೆ ಹತ್ತಿಕೊಂಡಿತ್ತು. ಒಂದು ನಿಮಿಷ ಮುಗಿಯಿತು, ಕೆಂಪು ಬಟ್ಟೆ ಬೀಸಿದರು. ಅಣ್ಣ ಕೀಲಿ ತಿರುಗಿಸಿ ಇಂಜಿನ್ ಬಂದ್ ಮಾಡಿ ಇಳಿದ. ಟ್ರ್ಯಾಕ್ಟರಿನ ಸುತ್ತ ಒಂದು ಸುತ್ತು ಹಾಕಿದ. ಗಾಲಿ ತಟ್ಟಿದ. ಮಣ್ಣಿನ ಮೇಲಿನ ಗುರುತನ್ನು ಬಗ್ಗಿ ನೋಡಿದ.

ಚಹಾದ ಅಂಗಡಿಯಲ್ಲಿ ಕೇಳಿದ: “ಯಾರರೆ ಅಡ್ಡ ಬಂದಿದ್ರೇನು?”

“ಹೂಂ ಯಣ್ಣಾ,” ಅಂದೆ. “ಒಬ್ಬಾಕಿ ಎದ್ದು ಬಂದಿದ್ಲು.”

“ಹಂಗಾರ ಛಲೋ ಆತು ಬಿಡು.”

ಅವನಿಗೆ ನಾನು ಹೇಳಿದ ಸುಳ್ಳು ಅದೊಂದೇ. ಮಾನ್ವಿ ಬಸ್ಸು ಹಿಡಿಯಲು ರಾಯಚೂರಿಗೆ ಬಂದಾಗ ಬಜಾರಿನಲ್ಲಿ ಶೀಲ್ಡು ಮಾಡುವ ಅಂಗಡಿಯ ಮುಂದೆ ನಿಂತು, “ಒಂದು ಬರಸೂಣು ಯಣ್ಣಾ, ಯಾರಿಗಿ ಗೊತ್ತಾಗ್ತದ?” ಅಂದೆ. ಅವನು ನಿಂತು, ಇಡೀ ಮೈ ತಿರುಗಿಸಿ ನನ್ನ ಮುಖ ನೋಡಿದ. “ಗೆಲ್ಲಲಾರದ ಕಡಿ ಹೆಸ್ರ ಬರಸಬಾರ್ದೋ ತಮ್ಮಾ,” ಅಂದ. ಅದಕ್ಕೇ ನಾನೂ ಇಲ್ಲಿ ಬರೆದಿಲ್ಲ.

ಆಮೇಲೆ ಮಾನ್ವಿಗೆ ಹೋಗುವುದು ಕಡಿಮೆ ಮಾಡಿದೆ. ಮೊಣಕಾಲಿನ ನೆಪ ಇತ್ತು. ಅವನಿಗೆ ಜ್ವರ ಬಂದದ್ದು, ಕಫ ಕಟ್ಟಿದ್ದು ಫೋನಿನಲ್ಲಿ ತಿಳಿಯಿತು. ನಾಳೆ ಹೋದರಾಯಿತು ಅಂದುಕೊಂಡೆ. ತೀರಿಕೊಂಡ ಸುದ್ದಿ ಬಂದ ಮೇಲೆ ಹೋದೆ.

ಮಧ್ಯಾಹ್ನವಾಗಿತ್ತು. ಅಕ್ಕ ಅಳುವುದನ್ನು ಮುಗಿಸಿ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ನೋಡಿ ಹತ್ತಿರ ಕರೆದಳು. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ.

“ಜಾಲಹಳ್ಳಿದು ನಿಮ್ಮಣ್ಣ ಹೇಳಿದ್ದ,” ಅಂದಳು.

“ಏನಂತ ಯಕ್ಕಾ?”

“ಯಾರೂ ಅಡ್ಡ ಬಂದಿದ್ದಿಲ್ಲ, ಪಾಪ ಅಂವಾ ಹೆದರಿದ, ಅಂದ. ಹೆದರಿದ್ದು ಇರ್ಲಿ, ಆಮ್ಯಾಲ ರೈಟ್ ಅನಬೇಕಿತ್ತು ನೋಡು, ಅಂತಿದ್ದ. ನಕ್ಕೋತನ ಅಂತಿದ್ದ.”

ಗೂಡಿನಲ್ಲಿ ಆ ಜಾಗ ಇನ್ನೂ ಖಾಲಿಯೇ ಇತ್ತು. ಮಲಗಿಸಿದ್ದ ಅಣ್ಣನ ಮುಖ ಬಲಕ್ಕೇ ಹೊರಳಿತ್ತು. ನೆಟ್ಟಗೆ ಮಾಡಲು ನೋಡಿದರಂತೆ, ಆಗಲಿಲ್ಲವಂತೆ.

ಹೊತ್ತುಕೊಂಡು ಹೋಗಲು ಗಿರಣಿಯವರು ಟ್ರ್ಯಾಕ್ಟರ್ ಕಳಿಸಿದ್ದರು. ಓಣಿ ಇಕ್ಕಟ್ಟು, ಮನೆಯ ಬಾಗಿಲವರೆಗೆ ಟ್ರಾಲಿ ಹಿಂದಕ್ಕೆ ಬರಬೇಕಿತ್ತು. ಡ್ರೈವರ್ ಮೂರು ಸಲ ಹೊರಳಿಸಿ ಮೂರು ಸಲ ಗೋಡೆಗೆ ತಾಗಿಸಿದ. ಮಂದಿಯೆಲ್ಲ ಬರ್ಲಿ ಬರ್ಲಿ ಅನ್ನುತ್ತಿದ್ದರು. ನಾನೊಬ್ಬ ಸುಮ್ಮನೆ ನಿಂತಿದ್ದೆ. ಅಂತೂ ಬಂತು. ಅಣ್ಣನನ್ನು ಎತ್ತಿ ಇಟ್ಟರು, ಹೂವು ಹಾಕಿದರು. ಡ್ರೈವರ್ ಹಿಂದೆ ತಿರುಗಿ, “ಹೊಂಡ್ಲೇನ್ರೀ?” ಎಂದು ಕೇಳಿದ. ಯಾರು ಹೇಳಬೇಕೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು.

ಬಾಗಿಲಲ್ಲಿ ನಿಂತಿದ್ದ ಅಕ್ಕ ನನ್ನ ಕಡೆ ನೋಡಿದಳು. “ನೀವ ಹೇಳ್ರಿ,” ಅಂದಳು.

ನಾನು ಹಿಂದೆ ಹೋದೆ. ಟ್ರಾಲಿಯ ತಗಡನ್ನು ಅಂಗೈಯಿಂದ ಎರಡು ಸಲ ತಟ್ಟಿದೆ.

“ರೈಟ್,” ಅಂದೆ. ಡ್ರೈವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು.